ಐದು ನಿಮಿಷದ ಡಿಬಗ್

ಫಾಲ್ಸ್ ಎಂಬ ಶಬ್ದವನ್ನು ಅಳಿಸಿ ಟ್ರೂ ಎಂದು ಬರೆಯುವುದು, ಅಷ್ಟೇ ಕೆಲಸ. ಸುಳ್ಳು ಎಂದಿದ್ದಲ್ಲಿ ನಿಜ ಎಂದು ಬರೆದು ಉಳಿಸಿದರೆ ಡಿಬಗ್ ಆನ್ ಆಗುತ್ತದೆ. ಸೈಟನ್ನು ನಡೆಸುವ ಸರ್ವರು ತಾನು ಎಲ್ಲಿ ಎಡವಿದೆ, ಯಾಕೆ ಎಡವಿದೆ, ಎಡವುವಾಗ ಕೈಯಲ್ಲಿ ಏನೇನು ಹಿಡಿದುಕೊಂಡಿತ್ತು ಎಂಬುದನ್ನೆಲ್ಲ, ಪುಟ ತೆರೆದವರೆಲ್ಲರಿಗೂ ಕಾಣುವಂತೆ, ತಾನಾಗಿಯೇ ಒದರತೊಡಗುತ್ತದೆ. ಬೆಳಿಗ್ಗೆ ಹತ್ತೂವರೆಯಿಂದ ಇರ್ಷಾದ್ ಆ ಸಾಲಿನ ಕೊನೆಯಲ್ಲಿ ಮಿನುಗುವ ಗೆರೆಯನ್ನು ನೋಡುತ್ತ ಕೂತಿದ್ದ. ಬಿ.ಸಿ.ರೋಡಿನ ಬಸ್ ಸ್ಟ್ಯಾಂಡಿನ ಎದುರು, ಚಪ್ಪಲಿ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಅವನ ಆಫೀಸು. ಮೂರು ಮೇಜು, ಒಂದು ಫ್ಯಾನು, ಮಾಲೀಕ ಶೋಧನನ ತಿರುಗುವ ಕುರ್ಚಿ. ಕೆಳಗೆ ಕಂಡಕ್ಟರುಗಳು ಊರುಗಳ ಹೆಸರು ಕೂಗುತ್ತಿದ್ದರು. ಹನ್ನೊಂದು ವರ್ಷಗಳಲ್ಲಿ ಕಿವಿಗೆ ಬೀಳುವುದೇ ನಿಂತುಹೋಗಿದ್ದ ಆ ಕೂಗು ಇವತ್ತು ಒಂದೊಂದೂ ಬಿಡಿಬಿಡಿಯಾಗಿ ಕೇಳಿಸುತ್ತಿತ್ತು: ಸಿದ್ಧಕಟ್ಟೆ, ಮೂಡುಬಿದಿರೆ, ಪುಂಜಾಲಕಟ್ಟೆ, ಬೆಳ್ತಂಗಡಿ. ಶೋಧನ್ ಎರಡು ಸಲ ಅವನ ಬೆನ್ನ ಹಿಂದೆ ಬಂದು ನಿಂತು ಹೋಗಿದ್ದ. ಮೂರನೆಯ ಸಲ ಬಾಯಿಬಿಟ್ಟ.

"ಐದು ನಿಮಿಷ ಹಾಕು ಮಾರಾಯ. ನೋಡು, ತೆಗಿ. ಯಾರಿಗೆ ಗೊತ್ತಾಗ್ತದೆ?"

ಹಿಂದೊಮ್ಮೆಯೂ ಇದೇ ಮಾತು, ಇದೇ ಐದು ನಿಮಿಷ. ಇರ್ಷಾದ್ ಕೊಡುವ ಉತ್ತರ ಇಬ್ಬರಿಗೂ ಗೊತ್ತಿದ್ದುದರಿಂದ ಶೋಧನ್ ಅದಕ್ಕಾಗಿ ಕಾಯಲಿಲ್ಲ.

ಸೈಟು ಒಂದು ಲ್ಯಾಬಿನದು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ಕಡೆ ಕೌಂಟರಿಟ್ಟು, ಜನರ ರಕ್ತವೋ ಮಾಂಸದ ಚೂರೋ ತೆಗೆದು ಮಂಗಳೂರಿಗೆ ಕಳಿಸುತ್ತಾರೆ. ವರದಿ ಈ ಸೈಟಿನಲ್ಲಿ ಬಂದು ಕೂರುತ್ತದೆ, ಕೌಂಟರಿನವರು ಅಲ್ಲಿಂದ ಮುದ್ರಿಸಿ ಕೊಡುತ್ತಾರೆ. ಸೋಮವಾರ ಇರ್ಷಾದ್ ಅದಕ್ಕೊಂದು ಹೊಸ ಬೀಗ ಹಾಕಿದ್ದ. ವರದಿ ಸಿದ್ಧವಾದ ಕೂಡಲೇ ರೋಗಿಯ ಮೊಬೈಲಿಗೆ ವಾಟ್ಸಾಪಿನಲ್ಲಿ ಸಂದೇಶ ಹೋಗಬೇಕು, ಅದನ್ನು ಒತ್ತಿದರೆ ಅದೇ ಮೊಬೈಲಿಗೊಂದು ಗುಪ್ತ ಸಂಖ್ಯೆ ಬರಬೇಕು, ಆ ಸಂಖ್ಯೆ ಹಾಕಿದವರಿಗೆ ಮಾತ್ರ ಪುಟ ತೆರೆಯಬೇಕು. ಕೌಂಟರಿನ ಪರದೆಯಲ್ಲೂ ರೋಗಿಯ ಫೋನ್ ನಂಬರಿನ ನಡುವಿನ ಅಂಕಿಗಳು ಚುಕ್ಕಿಗಳಾಗಿ ಮರೆಯಾಗಬೇಕು, ಪಕ್ಕದಲ್ಲಿ ನಿಂತವನು ಕತ್ತು ಚಾಚಿದರೂ ಏನೂ ಸಿಗಬಾರದು. ಬೀಗ ಚೆನ್ನಾಗಿಯೇ ಕೆಲಸ ಮಾಡಿತು, ಏಳು ಮಂದಿಯದ್ದನ್ನು ಬಿಟ್ಟು. ಆ ಏಳು ಮಂದಿಗೆ ಸಂದೇಶವೂ ಹೋಗಲಿಲ್ಲ, ಕೌಂಟರಿನಲ್ಲಿ ವರದಿಯೂ ತೆರೆಯಲಿಲ್ಲ. ಬಿಳಿಯ ಪುಟದ ನಡುವೆ, 'ಏನೋ ತಪ್ಪಾಗಿದೆ, ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ' ಎಂಬ ಒಂದು ಸಾಲು ಮಾತ್ರ ಬರುತ್ತಿತ್ತು. ಆ ಸಾಲನ್ನು ಬರೆದವನೂ ಇರ್ಷಾದನೇ. ಬರೆದಾಗ ಅದು ಸಾಕಷ್ಟು ವಿನಯದ ಮಾತು ಎಂದು ಅವನಿಗೆ ಅನಿಸಿತ್ತು.

ಆಫೀಸಿನ ಪ್ರಯೋಗದ ಕಂಪ್ಯೂಟರಿನಲ್ಲಿ ಎಲ್ಲವೂ ಸರಿಯಿತ್ತು. ಅಲ್ಲಿ ನಿಜವಾದ ರೋಗಿಗಳಿರಲಿಲ್ಲ. ನಿಜವಾದವರ ದಾಖಲೆ ನೋಡುವ ಹಕ್ಕನ್ನು ಲ್ಯಾಬಿನವರು ಒಂದೂವರೆ ವರ್ಷದ ಹಿಂದೆ ಕಿತ್ತುಕೊಂಡಿದ್ದರು, ಕಿತ್ತುಕೊಳ್ಳಿ ಎಂದು ಬರೆದುಕೊಟ್ಟವನೂ ಅವನೇ. ಆಮೇಲೆ ಕೂತು ಇನ್ನೂರು ಮಂದಿಯನ್ನು ತಲೆಯಿಂದಲೇ ಹುಟ್ಟಿಸಿದ್ದ. ಪ್ರತಿಯೊಬ್ಬರಿಗೂ ಹೆಸರು, ವಯಸ್ಸು, ಊರು, ಒಂಬತ್ತರಿಂದ ಶುರುವಾಗುವ ಹತ್ತು ಅಂಕಿಯ ಮೊಬೈಲ್ ನಂಬರು. ಎಲ್ಲರೂ ಒಳ್ಳೆಯವರು, ಯಾರ ಗುಟ್ಟೂ ಇಲ್ಲದವರು. ಅವರ ವರದಿಗಳು ಒತ್ತಿದ ಕೂಡಲೇ ತೆರೆಯುತ್ತಿದ್ದವು. ಎಡವಿದ್ದನ್ನು ಗುಟ್ಟಾಗಿ ಎಲ್ಲಾದರೂ ಬರೆದಿಡಲು ಸರ್ವರಿಗೆ ಹೇಳೋಣವೆಂದರೆ, ಹಿಂದೆ ಈ ಸೈಟು ಕಟ್ಟಿದವನು ಬರೆಯುವುದನ್ನೂ ತೋರಿಸುವುದನ್ನೂ ಒಂದೇ ಶಬ್ದಕ್ಕೆ ಗಂಟುಹಾಕಿ ಕತಾರಿಗೆ ಹೋಗಿಬಿಟ್ಟಿದ್ದ. ಗಂಟು ಬಿಚ್ಚಲು ಎರಡು ದಿನ ಬೇಕು. ಒಂದೋ ಸರ್ವರು ಬಾಯಿ ಮುಚ್ಚಿಕೊಂಡಿರುತ್ತದೆ, ಇಲ್ಲ ಊರಿಗೆಲ್ಲ ಕೇಳುವಂತೆ ಹೇಳುತ್ತದೆ. ನಡುವೆ ಪಿಸುಮಾತೆಂಬುದು ಅದಕ್ಕೆ ಬರುವುದಿಲ್ಲ.

ಹತ್ತೂ ನಲವತ್ತಕ್ಕೆ ಮೂಡುಬಿದಿರೆ ಕೌಂಟರಿನಿಂದ ಕಾಂತಿಯಕ್ಕ ಫೋನ್ ಮಾಡಿದ್ದಳು.

"ಇರ್ಷಾದ್, ಇಲ್ಲಿ ಬೀಯಮ್ಮ ಅಂತ ಒಬ್ಬರು, ಪುತ್ತಿಗೆಯವರು. ಎಂಟೂವರೆಗೆ ಬಂದವರು ಕೂತಲ್ಲೇ ಇದ್ದಾರೆ. ಬಯಾಪ್ಸಿ ರಿಪೋರ್ಟು. ಮೇಲಿನ ಮಾಳಿಗೆಯಲ್ಲಿ ಸರ್ಜನ್ ಗುರುವಾರ ಮಾತ್ರ ಬರುವುದು, ಒಂದು ಗಂಟೆಗೆ ಹೊರಡ್ತಾರೆ. ಮುಂದಿನ ಗುರುವಾರ ಅವರು ರಜೆ ಅಂತೆ. ಇವತ್ತು ತಪ್ಪಿದರೆ ಹದಿನೈದು ದಿನ ಹೋಯ್ತು. ನಾನು ಇವರಿಗೆ ಏನು ಹೇಳಲಿ?"

"ಮಂಗಳೂರಿಗೆ ಹೇಳಿ ವಾಟ್ಸಾಪಿನಲ್ಲಿ ತರಿಸಲಿಕ್ಕಾಗುವುದಿಲ್ಲವಾ?"

"ಅದು ಈಗ ಎಲ್ಲಿ ಉಂಟು? ಸೈಟಿನಲ್ಲಿ ಬಿಟ್ಟು ಬೇರೆ ಎಲ್ಲಿಯೂ ರಿಪೋರ್ಟ್ ಕಳಿಸಬಾರದು ಅಂತ ನಿಮ್ಮದೇ ರೂಲಲ್ವಾ?"

ಅವಳು ಚುಚ್ಚಲು ಹೇಳಿದ್ದಲ್ಲ. ಕಾಂತಿಯಕ್ಕನಿಗೆ ಚುಚ್ಚುವ ಅಭ್ಯಾಸವಿಲ್ಲ. ಆದರೂ ಅವನಿಗೆ ಚುಚ್ಚಿತು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ಒಂದೂವರೆ ವರ್ಷದಿಂದ ಅವನ ಮನಸ್ಸಿನ ಸ್ಥಿತಿ ಅದು. ಒಂದೂವರೆ ವರ್ಷದ ಹಿಂದಿನ ಆ ದಿನ ಶುಕ್ರವಾರ. ಬೆಳ್ತಂಗಡಿಯಲ್ಲಿ ಕೆಲವರ ಪುಟ ತೆರೆಯುತ್ತಿಲ್ಲವೆಂದು ಹನ್ನೆರಡು ಗಂಟೆಗೆ ಡಿಬಗ್ ಹಾಕಿದ್ದ, ಐದು ನಿಮಿಷಕ್ಕೆಂದು. ಅಷ್ಟರಲ್ಲಿ ಜುಮಾ ನಮಾಜಿಗೆ ಹೊತ್ತಾಯಿತು. ಮಸೀದಿಯಿಂದ ಹೊರಬರುವಾಗ ಹಳೆಯ ಸ್ನೇಹಿತ ಬಾವಾ ಸಿಕ್ಕಿದ, ಮನೆಗೆ ಎಳೆದುಕೊಂಡು ಹೋದ, ತುಪ್ಪದ ನೈಚೋರು ಬಡಿಸಿದ, ಅವನ ಮಗುವನ್ನು ಇವನ ತೊಡೆಯ ಮೇಲೆ ಕೂರಿಸಿದ. ಮಗು ಅವನ ಗಡ್ಡ ಹಿಡಿದು ಎಳೆಯಿತು. ಮದುವೆಯಾಗಿ ಐದನೇ ವರ್ಷ ನಡೆಯುತ್ತಿದ್ದವನ ತೊಡೆಯ ಮೇಲೆ ಮಗು ಕೂರಿಸಿದಾಗ ಮನೆಯವರೆಲ್ಲ ಒಂದು ಕ್ಷಣ ಬೇರೆ ಕಡೆ ನೋಡುತ್ತಾರೆ, ಅವತ್ತೂ ನೋಡಿದರು. ಆಫೀಸಿಗೆ ಮರಳಿದಾಗ ಮೂರೂವರೆ. ಆ ಮೂರೂವರೆ ಗಂಟೆಯಲ್ಲಿ ಎಡವಿದ ಪ್ರತಿಯೊಂದು ಪುಟದ ಮೇಲೂ ಅಂದಿನ ರೋಗಿಗಳ ಪಟ್ಟಿ ಹೆಸರು, ಊರು, ಪರೀಕ್ಷೆ ಸಮೇತ ಹರಡಿಕೊಂಡು ಬಿದ್ದಿತ್ತು. ಸಕ್ಕರೆ, ಥೈರಾಯ್ಡ್, ಸಕ್ಕರೆ, ಮೂತ್ರ. ಆರನೆಯ ಸಾಲಿನಲ್ಲಿ ಶೇಖರ, ಮುಂಡಾಜೆ, ವೀರ್ಯ ಪರೀಕ್ಷೆ. ತನ್ನ ತಾಯಿಯ ಥೈರಾಯ್ಡ್ ವರದಿ ನೋಡಲು ಬಂದ ಯಾರೋ ಅದರ ಚಿತ್ರ ಹಿಡಿದುಕೊಂಡ. ಸಂಜೆಯೊಳಗೆ ಅದು ಮುಂಡಾಜೆಯ ಕ್ರಿಕೆಟ್ ತಂಡದ ಗುಂಪಿನಲ್ಲಿತ್ತು.

ಶೇಖರನದ್ದು ಚಾರ್ಮಾಡಿ ರಸ್ತೆಯ ಬದಿಯ ಸಣ್ಣ ಹೋಟೆಲು. ಬನ್ಸು, ಗೋಳಿಬಜೆ, ಚಹಾ. ಮರುದಿನ ಬೆಳಿಗ್ಗೆ ಒಬ್ಬ ಗಿರಾಕಿ ಬೆಂಚಿನ ಮೇಲೆ ಕೂತು, "ಶೇಖರಣ್ಣ, ಒಂದು ಸ್ಟ್ರಾಂಗ್" ಎಂದ. ಎಂದಿನ ಮಾತೇ. ಆದರೆ ಉಳಿದವರು ನಕ್ಕರು. ಇನ್ನೊಬ್ಬ, "ಸ್ಟ್ರಾಂಗ್ ಅಲ್ಲಿ ಇಲ್ಲ ಅಂತೆ ಮಾರಾಯ" ಎಂದ. ಮಾತು ಅಷ್ಟೇ, ಆದರೆ ಅದು ದಿನವೂ ನಡೆಯಿತು. ಹೋಟೆಲು ನಲವತ್ತು ದಿನ ಮುಚ್ಚಿತು. ಇದನ್ನೆಲ್ಲ ಇರ್ಷಾದ್ ಯಾರಿಂದಲೋ ಕೇಳಿ, ತಡೆಯಲಾರದೆ, ಹೋಟೆಲು ಮತ್ತೆ ತೆರೆದ ವಾರ ಬಸ್ಸು ಹತ್ತಿ ಮುಂಡಾಜೆಗೆ ಹೋಗಿದ್ದ. ಹೇಳಿಬಿಡುವುದೆಂದು ದಾರಿಯುದ್ದಕ್ಕೂ ವಾಕ್ಯಗಳನ್ನು ಜೋಡಿಸಿಕೊಂಡಿದ್ದ. ಶೇಖರ ಮೇಜು ಒರೆಸುತ್ತ, "ಚಾ ಹೇಗೆ ಮಾಡಲಿ? ಲೈಟಾ..." ಎಂದು ಅಲ್ಲಿಗೇ ನಿಲ್ಲಿಸಿದ. ಮುಂದಿನ ಶಬ್ದ ಅವನ ಬಾಯಿಂದ ಬರಲಿಲ್ಲ. "ಹೇಗಾದ್ರೂ ಆಗ್ತದೆ" ಎಂದ ಇರ್ಷಾದ್. ಚಹಾ ಕುಡಿದ, ಎರಡು ಬನ್ಸು ತಿಂದ, ಚೆನ್ನಾಗಿದೆ ಎಂದ, ಬಸ್ಸು ಹತ್ತಿದ. ಆಮೇಲೂ ನಾಲ್ಕು ಸಲ ಹೋಗಿದ್ದಾನೆ. ಶೇಖರನಿಗೆ ಈಗ ಅವನ ಗುರುತು ಹತ್ತಿದೆ, ದೂರದಿಂದ ಬರುವ ಗಿರಾಕಿಯೆಂದು ಗೋಳಿಬಜೆಗೆ ಚಟ್ನಿ ಹೆಚ್ಚು ಹಾಕುತ್ತಾನೆ. ಆ ಚಟ್ನಿಯನ್ನು ನೆಕ್ಕುವಾಗ ತನ್ನಂಥ ನೀಚ ಇನ್ನೊಬ್ಬನಿಲ್ಲ ಎಂದು ಇರ್ಷಾದನಿಗೆ ಅನಿಸುತ್ತದೆ, ಆದರೂ ಬಿಡದೆ ನೆಕ್ಕುತ್ತಾನೆ.

"ನೀನು ಒಂದು ಎಡವಟ್ಟಾಯ್ತು ಅಂತ ಜೀವಮಾನವಿಡೀ ಹೆದರಿ ಕೂತ್ಕೊಳ್ಳುವುದಾ?" ಶೋಧನ್ ಕುರ್ಚಿಯಲ್ಲಿ ಅರ್ಧ ತಿರುಗಿ ಕೇಳಿದ. ಹನ್ನೊಂದೂ ಮುಕ್ಕಾಲಾಗಿತ್ತು. "ಅಲ್ಲಿ ಒಂದು ಹೆಂಗಸು ಕೂತಿದ್ದಾರೆ. ಕ್ಯಾನ್ಸರೋ ಏನೋ. ಅವರ ಜೀವ ದೊಡ್ಡದಾ, ಯಾರೋ ನಾಲ್ಕು ಜನರ ಮರ್ಯಾದೆ ದೊಡ್ಡದಾ?"

ಪ್ರಶ್ನೆ ಸರಿಯಾಗಿಯೇ ಇತ್ತು, ಶೋಧನನ ಪ್ರಶ್ನೆಗಳು ಯಾವಾಗಲೂ ಸರಿಯಾಗಿಯೇ ಇರುತ್ತವೆ. ಆ ನಾಲ್ಕು ಜನರು ಯಾರೆಂದು ಗೊತ್ತಿಲ್ಲದಿರುವವರೆಗೆ ಉತ್ತರ ಸುಲಭ. ಅವರಲ್ಲೊಬ್ಬ ಮೇಜು ಒರೆಸುತ್ತ ಅರ್ಧ ಮಾತಿಗೇ ನಿಲ್ಲುವುದನ್ನು ನೋಡಿದ ಮೇಲೆ ತಕ್ಕಡಿ ನೆಟ್ಟಗೆ ನಿಲ್ಲುವುದಿಲ್ಲ. "ನೀನೇ ಹಾಕು ಹಾಗಾದರೆ" ಎಂದ ಇರ್ಷಾದ್. ಶೋಧನ್ ನಕ್ಕು, ಮಂಗಳೂರಿಗೆ ಹೋಗಲಿಕ್ಕುಂಟೆಂದು ಹೆಲ್ಮೆಟ್ ಎತ್ತಿಕೊಂಡ. "ನಿನ್ನ ಕೈಯಲ್ಲಿ ಉಂಟು. ನಾನು ಹಾಕು ಅಂತ ಹೇಳಿದ್ದೆ ಅಂತ ಮಾತ್ರ ನೆನಪಿರಲಿ" ಎಂದು ಮೆಟ್ಟಿಲಿಳಿದ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅದಕ್ಕೆ ಅವನು ಯಾವತ್ತೂ ಇನ್ನೊಬ್ಬರ ಕೋಲನ್ನೇ ಆರಿಸುತ್ತಾನೆ.

ಒಬ್ಬನೇ ಉಳಿದ ಮೇಲೆ ಫ್ಯಾನಿನ ಸದ್ದು ಜಾಸ್ತಿಯಾಯಿತು. ತನ್ನ ಹಟ ಯಾರ ಸಲುವಾಗಿ ಎಂದು ಇರ್ಷಾದ್ ಕೇಳಿಕೊಂಡ. ಶೇಖರನ ಸಲುವಾಗಿ ಎನ್ನಲು ಧೈರ್ಯವಾಗಲಿಲ್ಲ. ಕಳೆದ ಚಳಿಗಾಲದಲ್ಲಿ ಅವನೇ ಮಂಗಳೂರಿನ ಇನ್ನೊಂದು ಲ್ಯಾಬಿಗೆ ಹೋಗಿದ್ದ, ತಾನು ನೋಡಿಕೊಳ್ಳುವ ಸೈಟು ಇಲ್ಲದ ಲ್ಯಾಬು ಎಂದು ಖಚಿತ ಮಾಡಿಕೊಂಡೇ. ಅದೇ ಪರೀಕ್ಷೆ. ಹೆಂಡತಿ ಜಸ್ನಾ ಹೋಗು ಎಂದಿರಲಿಲ್ಲ. ಆರು ವರ್ಷಗಳಲ್ಲಿ ಅವಳು ಏನನ್ನೂ ಅಂದಿರಲಿಲ್ಲ. ತನ್ನ ಪರೀಕ್ಷೆಗಳನ್ನೆಲ್ಲ ಮಾಡಿಸಿಕೊಂಡು ಕಾಗದಗಳನ್ನು ಬೀರುವಿನಲ್ಲಿ, ಅವನ ಅಂಗಿಗಳ ಪಕ್ಕದಲ್ಲಿ, ಕಾಣುವ ಹಾಗೆ ಇಟ್ಟಿದ್ದಳು. ಕೌಂಟರಿನ ಹುಡುಗಿ ಹೆಸರು ಕೇಳಿದಾಗ ಅವನ ಬಾಯಿಂದ "ಸುಹೈಬ್" ಎಂದು ಬಂತು. ಏಳನೇ ಕ್ಲಾಸಿನಲ್ಲಿ ಅವನ ಬೆಂಚಿನಲ್ಲಿ ಕೂರುತ್ತಿದ್ದವನ ಹೆಸರು. ಆಮೇಲೆ ಹತ್ತಿಪ್ಪತ್ತು ಜನ ಕೂತಿದ್ದ ಹಜಾರದಲ್ಲಿ ಅವಳು "ಸುಹೈಬ್ ಯಾರು? ಸುಹೈಬ್?" ಎಂದು ಕರೆದಳು. ಎಲ್ಲರೂ ಅತ್ತಿತ್ತ ನೋಡಿದರು, ಅವನೂ ನೋಡಿದ. ಮೂರನೆಯ ಸಲ ಕರೆದಾಗ ಎದ್ದು ನಿಂತ. ವರದಿಯಲ್ಲಿ ದೋಷವೇನೂ ಇರಲಿಲ್ಲ, ಆದರೆ ಅದು ಸುಹೈಬನ ವರದಿ. ಜಸ್ನಾಳಿಗೆ ಯಾವ ಮುಖದಿಂದ ತೋರಿಸುವುದು? ಬೈಕಿನ ಸೀಟಿನಡಿ ವಿಮೆಯ ಕಾಗದದ ಜೊತೆ ಅದು ಈಗಲೂ ಮಡಚಿಕೊಂಡು ಕೂತಿದೆ.

ಹನ್ನೆರಡೂ ಹತ್ತಕ್ಕೆ ಕಾಂತಿಯಕ್ಕನ ಫೋನು ಮತ್ತೆ ಬಂತು. ಅವಳು "ಆಯ್ತಾ?" ಎಂದಷ್ಟೇ ಕೇಳಿದಳು. ಆಗ ಇರ್ಷಾದ್ ಫಾಲ್ಸ್ ಅಳಿಸಿದ. ಟ್ರೂ ಎಂದು ಬರೆದ. ಉಳಿಸುವ ಮೊದಲು, ತನಗೇ ಕಾರಣ ಹೊಳೆಯದೆ, ಹೇಳಿದ:

"ಕಾಂತಿಯಕ್ಕ, ಅವರ ಹತ್ತಿರ ಒಮ್ಮೆ ಫೋನ್ ಕೊಡ್ತೀರಾ?"

"ಬೀಯಮ್ಮನವರ ಹತ್ತಿರವಾ? ಸರ್ವರು ಗಿರ್ವರು ಅಂದ್ರೆ ಅವರಿಗೆಂಥ ಗೊತ್ತಾಗ್ತದೆ?"

"ಕೊಡಿ."

ಫೋನು ಕೈಯಿಂದ ಕೈಗೆ ಹೋಗುವ ಸದ್ದು, ಬಳೆಯ ಸದ್ದು. ಅವನು ಬ್ಯಾರಿ ಭಾಷೆಯಲ್ಲಿ, ತನ್ನ ತಾಯಿಯ ಹತ್ತಿರ ಮಾತಾಡುವ ದನಿಯಲ್ಲಿ ಶುರುಮಾಡಿದ. "ಉಮ್ಮ, ನಾನು ಕಂಪ್ಯೂಟರಿನವ, ಬಿ.ಸಿ.ರೋಡಿನಿಂದ."

"ಆಯ್ತು ಮೋನೆ. ನನ್ನ ಕಾಗದ ಬಂತಾ?" ಅವರೂ ಅವನನ್ನು ಮಗನೇ ಎಂದೇ ಕರೆದರು.

"ಬಂದುಂಟು. ಅದನ್ನಿಟ್ಟ ಪೆಟ್ಟಿಗೆಯ ಬಾಗಿಲು ಸಿಕ್ಕಿಕೊಂಡಿದೆ. ಯಾಕೆ ಅಂತ ನೋಡಬೇಕಾದರೆ ಐದು ನಿಮಿಷ ಎಲ್ಲವನ್ನೂ ತೆರೆದಿಡಬೇಕು. ಆಗ ನಿಮ್ಮ ಹೆಸರು, ಕಾಯಿಲೆ ಯಾರಿಗಾದರೂ ಕಾಣಲೂಬಹುದು. ಬೇರೆಯವರದ್ದೂ ಕಾಣಬಹುದು. ಆಗ್ತದಾ?"

ಆಚೆ ಕಡೆ ನಗು ಕೇಳಿಸಿತು. "ಕಾಣುವುದಾ? ಪುತ್ತಿಗೆಯಿಂದ ಬರುವಾಗ ಬಸ್ಸಿನ ಕಂಡಕ್ಟರೇ ಕೇಳಿದ, ಬೀಯಮ್ಮಾ, ಗಡ್ಡೆಯ ರಿಪೋರ್ಟು ಬಂತಾ ಅಂತ. ಹಿಂದಿನ ಸೀಟಿನ ಚನಿಯಪ್ಪಣ್ಣ ಯಾವ ಸೊಪ್ಪು ಅರೆದು ಹಚ್ಚಬೇಕು ಅಂತ ಹೇಳಿಕೊಟ್ಟರು. ನನ್ನದು ಊರಿಗೆಲ್ಲ ಗೊತ್ತುಂಟು. ಬೇರೆಯವರದ್ದನ್ನು ನನ್ನ ಹತ್ತಿರ ಯಾಕೆ ಕೇಳ್ತಿ? ಅದನ್ನು ಅವರ ಹತ್ತಿರ ಕೇಳು."

ಇಷ್ಟು ಸರಳವಾದದ್ದನ್ನು ಒಂದೂವರೆ ವರ್ಷದಿಂದ ಅವನಿಗೆ ಯಾರೂ ಹೇಳಿರಲಿಲ್ಲ.

"ಒಬ್ಬನಿಗೆ ಮಾತ್ರ ಗೊತ್ತಾಗಬಾರದು ಮೋನೆ," ಮುದುಕಿಯ ದನಿ ತಗ್ಗಿತು. "ನನ್ನ ಮಗನಿಗೆ. ಅವನಿಗೆ ರಜೆ ಸಿಗಲಿಕ್ಕೆ ಇನ್ನೂ ಐದು ತಿಂಗಳುಂಟು. ಈಗ ಗೊತ್ತಾದರೆ ಕೆಲಸ ಬಿಟ್ಟು ಬರ್ತಾನೆ, ಬಿಡಲಿಕ್ಕಾಗದಿದ್ದರೆ ಅಲ್ಲೇ ಅನ್ನ ನೀರು ಬಿಟ್ಟು ಕೂರ್ತಾನೆ. ಇಲ್ಲಿ ಕೊಟ್ಟ ನಂಬರು ಬೇರೆ ಅವನದ್ದೇ. ನನ್ನ ಹತ್ತಿರ ಎಲ್ಲಿ ಮೊಬೈಲು?"

"ಅವನದ್ದಾ? ಗಲ್ಫಿದ್ದಾ?"

"ಹೌದು. ಇವರು ಹತ್ತು ಅಂಕಿ ಬೇಕು ಅಂದರು. ಹತ್ತೇ ಉಂಟು. ಮೊದಲಿಗೆ ಒಂದು ಸೊನ್ನೆ."

ಸೊನ್ನೆ. ಇರ್ಷಾದ್ ಕಣ್ಣು ಮುಚ್ಚಿಕೊಂಡ. ಸೊನ್ನೆಯಿಂದ ಶುರುವಾಗುವ ನಂಬರನ್ನು ಸಂಖ್ಯೆಯೆಂದು ಉಳಿಸಿಕೊಳ್ಳುವ ಯಾವ ಯಂತ್ರವಾದರೂ ಆ ಸೊನ್ನೆಯನ್ನು ಬೆಲೆಯಿಲ್ಲದ್ದೆಂದು ಉದುರಿಸಿಬಿಡುತ್ತದೆ. ಉಳಿಯುವುದು ಒಂಬತ್ತು. ಅವನ ಹೊಸ ಬೀಗ ಹತ್ತು ಅಂಕಿಗಳ ನಡುವಿನದ್ದನ್ನು ಮರೆಮಾಡಲು ಕಲಿತದ್ದು. ಒಂಬತ್ತು ಸಿಕ್ಕಿದಾಗ ಎಲ್ಲಿ ಮುಚ್ಚುವುದೆಂದು ತಿಳಿಯದೆ ಅಂಗಾತ ಬಿದ್ದಿತ್ತು. ಏಳು ಮಂದಿಯೂ ಇಂಥವರೇ ಇರಬೇಕು. ಅವನು ಹುಟ್ಟಿಸಿದ ಇನ್ನೂರು ರೋಗಿಗಳಲ್ಲಿ ಒಬ್ಬರಿಗೂ ಗಲ್ಫಿನಲ್ಲಿ ಮಗನಿರಲಿಲ್ಲ. ಅವನ ಸ್ವಂತ ತಾಯಿ ಅವ್ವಮ್ಮ, ಪಡಿತರ ಅಂಗಡಿಯಿಂದ ಗ್ಯಾಸಿನವರೆಗೆ ಎಲ್ಲ ಕಡೆ ಕೊಟ್ಟಿರುವುದು ದುಬೈಯಲ್ಲಿರುವ ಅಣ್ಣನ ನಂಬರು. ಸಿಲಿಂಡರ್ ತಂದವನು ಅಂಗಳದಲ್ಲಿ ನಿಂತು ಗುಪ್ತ ಸಂಖ್ಯೆ ಕೇಳಿದರೆ ಅದು ದುಬೈಗೆ ಹೋಗಿ, ಅಣ್ಣ ಅಲ್ಲಿಂದ ಇವನಿಗೆ ಫೋನ್ ಮಾಡಿ, ಇವನು ಮನೆಗೆ ಹೇಳಿ, ಆಮೇಲೆ ಸಿಲಿಂಡರ್ ಒಳಗೆ ಬರುತ್ತದೆ. ಇಷ್ಟೆಲ್ಲ ನೋಡಿಯೂ ಲೆಕ್ಕಕ್ಕೆ ಕೂತಾಗ ಅವನಿಗೆ ತನ್ನ ಮನೆಯೇ ನೆನಪಾಗಿರಲಿಲ್ಲ.

"ಆಗ್ತದಾ ಮೋನೆ? ಅವನಿಗೆ ಹೋಗುವುದಿಲ್ಲ ಅಲ್ವಾ?"

"ಇಲ್ಲ ಉಮ್ಮ. ಹೋಗುವುದಿಲ್ಲ" ಎಂದ. ಟ್ರೂ ಅಳಿಸಿ ಫಾಲ್ಸ್ ಎಂದು ಬರೆದ.

ಉಳಿದದ್ದು ಇಪ್ಪತ್ತು ನಿಮಿಷದ ಕೆಲಸ. ಒಂಬತ್ತು ಅಂಕಿಯಿದ್ದು ಐದರಿಂದ ಶುರುವಾದರೆ ಅದು ಗಲ್ಫಿನದು, ಅದರ ಮೊದಲಿಗೆ ದೇಶದ ಸಂಖ್ಯೆ ಸೇರಿಸು, ಆಮೇಲೆ ಮರೆಮಾಡು. ಅಣ್ಣನ ನಂಬರನ್ನು ಎದುರಿಗಿಟ್ಟುಕೊಂಡು ಪರೀಕ್ಷಿಸಿದ, ಸರಿಬಂತು. ಹನ್ನೆರಡೂ ನಲವತ್ತಕ್ಕೆ ಮೂಡುಬಿದಿರೆಯಲ್ಲಿ ಕಾಗದ ಮುದ್ರಣವಾಯಿತು. ಕಾಂತಿಯಕ್ಕ ಫೋನಿನಲ್ಲೇ, "ಬಂತು ಬಂತು, ಬೀಯಮ್ಮಾ ಮೇಲೆ ಹೋಗುವ" ಎಂದು ಕೂಗಿದ್ದು ಕೇಳಿಸಿತು. ಇರ್ಷಾದ್ ಕುರ್ಚಿಗೆ ಒರಗಿದ. ಒಳಗೆ ಏನೋ ಉಬ್ಬಿತು. ಡಿಬಗ್ ಹಾಕದೆ, ಯಾರ ಹೊಟ್ಟೆಯನ್ನೂ ಬಗೆಯದೆ, ಒಬ್ಬರ ಹತ್ತಿರ ಬಾಯಿಬಿಟ್ಟು ಕೇಳಿ ಗೆದ್ದಿದ್ದೇನೆ. ಇದನ್ನು ಶೋ‍ಧನನಿಗೆ ಹೇಳಬೇಕು, ಜಸ್ನಾಳಿಗೂ ಹೇಳಬೇಕು ಅನಿಸಿತು. ಕೆಳಗಿನ ಹೋಟೆಲಿಗೆ ಇಳಿದು ಊಟಕ್ಕೆ ಕೂತ. ಮೀನು ಸಾರಿಗೆ ಅನ್ನ ಕಲಸಿ ಮೊದಲ ತುತ್ತು ಎತ್ತಿದಾಗ ನೆನಪಾಯಿತು: ವರದಿ ತೆರೆಯುವ ಸ್ಥಿತಿಗೆ ಬಂದ ಕೂಡಲೇ ನಂಬರಿಗೆ ಸಂದೇಶ ಹೋಗುತ್ತದೆ.

ಸೋಮವಾರದಿಂದ ತಡೆದುನಿಂತಿದ್ದ ಏಳೂ ಸಂದೇಶಗಳು ಹನ್ನೆರಡೂ ನಲವತ್ತಕ್ಕೇ ಹೋಗಿರುತ್ತವೆ. ಅವನೇ ಕಟ್ಟಿದ ದಾರಿ, ಅವನೇ ಸರಿಪಡಿಸಿದ ನಂಬರು. ಆ ಹೆಂಗಸು ಕೇಳಿಕೊಂಡದ್ದು ಒಂದೇ. ಊರಿಗೆಲ್ಲ ತೋರಿಸು, ಅವನೊಬ್ಬನಿಗೆ ಬೇಡ ಎಂದಿದ್ದಳು. ಊರಿಗೆ ತೋರಿಸದೆ ಅವನೊಬ್ಬನಿಗೇ ತಲುಪಿಸಿದ್ದಾಯಿತು. ಗಣಪತಿ ಮಾಡಲು ಹೋಗಿ ಅವನಪ್ಪನನ್ನು ಮಾಡುವುದೆಂದರೆ ಇದೇ. ಇರ್ಷಾದ್ ತುತ್ತನ್ನು ಬಾಯಿಗಿಟ್ಟು ನುಂಗಿದ. ಈಗ ಫೋನ್ ಮಾಡಿ ಹೇಳಬೇಕು. ಅವರು ಸರ್ಜನರ ಎದುರು ಕೂತಿರುತ್ತಾರೆ, ಈಗ ಬೇಡ. ಸ್ವಲ್ಪ ಹೊತ್ತು ಬಿಟ್ಟು. ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ. ಮಗ ಎಲ್ಲೋ ಕೆಲಸದ ನಡುವೆ ಬೆವರು ಒರೆಸಿಕೊಂಡು ಮೊಬೈಲು ತೆಗೆಯುವುದು, ಉಮ್ಮನ ಹೆಸರು ನೋಡುವುದು, ಒತ್ತುವುದು. ಊಟ ಅರ್ಧಕ್ಕೇ ಬಿಟ್ಟು ಕೈತೊಳೆದ. ಆಫೀಸಿಗೆ ಹೋಗಿ ಕೂತ. ಎರಡೂಕಾಲಾದರೂ ಫೋನ್ ಮಾಡಲಿಲ್ಲ. ಮಾಡದಿರಲು ಒಂದಾದ ಮೇಲೊಂದು ಕಾರಣ ಹೊಳೆಯಿತು, ಎಲ್ಲವೂ ಮುಂಡಾಜೆಯ ಬಸ್ಸಿನಲ್ಲಿ ಹೊಳೆದಿದ್ದ ಕಾರಣಗಳೇ.

ಎರಡೂ ಇಪ್ಪತ್ತಕ್ಕೆ ಕಾಂತಿಯಕ್ಕನದೇ ಬಂತು. "ಇರ್ಷಾದ್, ಒಂದು ವಿಚಿತ್ರ ಆಯ್ತು. ದುಬೈಯಿಂದ ಫೋನು, ಕೌಂಟರಿನ ನಂಬರಿಗೆ."

"ಮಗನಾ?"

"ಮಗ ಅಲ್ಲ! ಯಾರೋ ಮಲಯಾಳಿ, ಕಾಸರಗೋಡಿನ ಆಚೆಯವನಂತೆ. ತರಕಾರಿ ಅಂಗಡಿಯಲ್ಲಿ ಕೆಲಸವಂತೆ. ಬೀಯಮ್ಮ ಅಂತ ಹೆಸರಿದ್ದ ರಿಪೋರ್ಟಿನ ಮೆಸೇಜು ಬಂತು, ಒತ್ತಿದೆ, ಕೋಡ್ ಬಂತು, ಹಾಕಿದೆ, ತೆರೆಯಿತು, ನನ್ನಿಂದ ತಪ್ಪಾಯ್ತು ಅಂದ. ಬೀಯಮ್ಮನವರ ಮಗ ಇರುವುದು ದಮ್ಮಾಮಿನಲ್ಲಿ ಅಲ್ವಾ, ಸೌದಿಯಲ್ಲಿ? ಇದು ದುಬೈಗೆ ಹೇಗೆ ಹೋಯ್ತು?"

ಐದರಿಂದ ಶುರುವಾಗುವ ಒಂಬತ್ತು ಅಂಕಿ. ಸೌದಿಯ ನಂಬರೂ ಹಾಗೆಯೇ ಇರುತ್ತದೆ, ದುಬೈಯದ್ದೂ ಹಾಗೆಯೇ ಇರುತ್ತದೆ. ಗಲ್ಫ್ ಎಂದು ಕೇಳಿದ ಕೂಡಲೇ ಅವನ ತಲೆಯಲ್ಲಿ ಅಣ್ಣನಿರುವ ಊರೊಂದೇ ನಿಂತಿತ್ತು, ಎಲ್ಲರ ನಂಬರಿಗೂ ಆ ದೇಶದ ಸಂಖ್ಯೆಯನ್ನೇ ಅಂಟಿಸಿದ್ದ. ಮಗನಿಗೆ ಹೋಗಲಿಲ್ಲ ಎಂಬ ಸಮಾಧಾನ ಮೊದಲು ಬಂತು. ಒಂದು ತಪ್ಪು ಇನ್ನೊಂದನ್ನು ಹೊಡೆದುಹಾಕಿತ್ತು. ಅವನಿಗೆ ನಗುವೇ ಬಂದುಬಿಟ್ಟಿತು. ಆಮೇಲೆ ಆ ನಗುವಿಗೆ ನಾಚಿಕೆಯಾಯಿತು.

"ಅವನಿಗೇನು ಬೇಕಂತೆ?" ಎಂದು ಕೇಳಿದ.

"ಏನೂ ಬೇಡವಂತೆ. ಓದಿದ ಮೇಲೆ ಸುಮ್ಮನಿರಲಿಕ್ಕೆ ಆಗಲಿಲ್ಲ ಅಂತ. ಆ ಉಮ್ಮ ಹೇಗಿದ್ದಾರೆ, ಜೊತೆಗೆ ಯಾರಾದರೂ ಇದ್ದಾರಾ ಅಂತ ಕೇಳಿದ. ನಾನೇನು ಹೇಳಲಿ? ನಂಬರು ಬರೆದಿಟ್ಟುಕೊಂಡಿದ್ದೇನೆ. ಬೀಯಮ್ಮನಿಗೆ ಹೇಳಲಿಲ್ಲ. ಸರ್ಜನ್ ನೋಡಿ ಹೋದರು, ಆಪರೇಶನ್ನಿನ ದಿನ ಬರೆಸಿಕೊಳ್ಳಲಿಕ್ಕೆ ಇವರು ಮೇಲೆಯೇ ಕೂತಿದ್ದಾರೆ. ಹೇಳದಿದ್ದರೂ ನಡೀತದೆ, ಅವರಿಗೆ ಹೇಗೂ ಗೊತ್ತಾಗುವುದಿಲ್ಲ."

ಓದಿದ ಮೇಲೆ ಸುಮ್ಮನಿರಲಿಕ್ಕೆ ಆಗಲಿಲ್ಲ. "ಅವರನ್ನು ಕೂರಿಸಿ ಕಾಂತಿಯಕ್ಕ, ನಾನು ಬರ್ತೇನೆ" ಎಂದು ಇರ್ಷಾದ್ ಮೊದಲು ಹೊಸ ಸಂದೇಶಗಳೆಲ್ಲ ನಿಲ್ಲುವಂತೆ ಮಾಡಿದ. ಉಳಿದ ಆರು ಮಂದಿಯ ನಂಬರು ಯಾವ ದೇಶದ್ದೆಂದು ಅವರವರನ್ನೇ ಕೇಳಿ ಹೇಳಿ ಎಂದು ಮೂರೂ ಕೌಂಟರುಗಳಿಗೆ ಬರೆದ, ತಪ್ಪು ತನ್ನದೆಂದು ಕೆಳಗೆ ಸೇರಿಸಿದ, ಸೇರಿಸಿದ್ದನ್ನು ಅಳಿಸಲಿಲ್ಲ. ಸಿದ್ಧಕಟ್ಟೆಯ ದಾರಿಯ ಬಸ್ಸು ಹೊರಡುತ್ತಿತ್ತು. ಕಿಟಕಿಯ ಬದಿ ಸೀಟು ಸಿಕ್ಕಿತು. ಪಕ್ಕದಲ್ಲಿ ಕೂತವರು ಎಲ್ಲಿಗೆ ಎಂದು ಕೇಳಿದರು, ಮೂಡುಬಿದಿರೆಗೆ ಎಂದ, ಏನು ವಿಶೇಷ ಎಂದರು, ಒಬ್ಬರನ್ನು ಕಾಣಲಿಕ್ಕುಂಟು ಎಂದ, ಹುಷಾರಿಲ್ಲವಾ ಎಂದರು. ಈ ಊರಿನಲ್ಲಿ ಯಾರ ಡಿಬಗ್ಗನ್ನೂ ಯಾರೂ ಆಫ್ ಮಾಡಿಲ್ಲ ಎನಿಸಿತು. ಈ ಸಲ ಅವನು ವಾಕ್ಯಗಳನ್ನು ಜೋಡಿಸಿಕೊಳ್ಳಲಿಲ್ಲ. ಜೋಡಿಸಿದ ವಾಕ್ಯ ಬಸ್ಸಿಳಿಯುವಾಗ ಉದುರಿಹೋಗುತ್ತದೆ ಎಂಬುದು ಅವನಿಗೆ ಅನುಭವದಿಂದ ಗೊತ್ತಿತ್ತು.

ಬೀಯಮ್ಮ ಮಾಳಿಗೆಯ ಮೆಟ್ಟಿಲ ಬುಡದ ಬೆಂಚಿನಲ್ಲಿ, ಪ್ಲಾಸ್ಟಿಕ್ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಫೋನಿನ ದನಿಯಿಂದ ಅವನು ಊಹಿಸಿದ್ದಕ್ಕಿಂತ ಸಣ್ಣ ಹೆಂಗಸು. ಅವನು ಎದುರು ನಿಂತು, ಎಲ್ಲಿಂದ ಶುರುಮಾಡಬೇಕೆಂದು ತಿಳಿಯದೆ, ಕೊನೆಯಿಂದಲೇ ಶುರುಮಾಡಿದ.

"ಉಮ್ಮ, ನಿಮ್ಮ ರಿಪೋರ್ಟು ಬೇರೆಯವನಿಗೆ ಹೋಯ್ತು. ನಾನೇ ಕಳಿಸಿದ್ದು. ನನ್ನದೇ ತಪ್ಪು."

ಅವರು ತಲೆಯೆತ್ತಿದರು. "ಮಗನಿಗಾ?"

"ಅಲ್ಲ. ದುಬೈಯಲ್ಲಿ ಯಾರೋ. ಗುರುತಿಲ್ಲದವ. ನಿಮ್ಮ ಮಗನೂ ದುಬೈಯಲ್ಲಿದ್ದಾನೆ ಅಂತ ನಾನು ತಿಳಿದದ್ದು. ಅಷ್ಟಾದರೂ ಅವನಿಗೆ ಹೋಗದಿದ್ದದ್ದು ನನ್ನ ಒಳ್ಳೆಯತನದಿಂದ ಅಲ್ಲ. ಹೋಗುವುದಿಲ್ಲ ಅಂತ ನಿಮಗೆ ಮಾತು ಕೊಟ್ಟು ಆಮೇಲೆ ಮರೆತೇಬಿಟ್ಟೆ."

ಕಾಂತಿಯಕ್ಕ ಕೌಂಟರಿನೊಳಗಿಂದ ನೋಡುತ್ತಿದ್ದಳು. ಬಯ್ದರೆ ಬಯ್ಯಲಿ ಎಂದು ಇರ್ಷಾದ್ ಕಾದ. ಬಯ್ಗುಳ ಬೇಕಾಗಿತ್ತು ಅವನಿಗೆ, ಅದಕ್ಕಾಗಿ ಐದು ಸಲ ಮುಂಡಾಜೆಗೆ ಹೋಗಿ ಬನ್ಸು ತಿಂದು ಬಂದವನು ಅವನು.

"ಅವನು ಓದಿದನಾ?" ಎಂದರು ಬೀಯಮ್ಮ.

"ಓದಿದ. ಫೋನ್ ಮಾಡಿದ್ದನಂತೆ. ನೀವು ಹೇಗಿದ್ದೀರಿ, ಜೊತೆಗೆ ಯಾರಿದ್ದಾರೆ ಅಂತ ಕೇಳಿದನಂತೆ."

ಅವರು ಚೀಲವನ್ನು ಪಕ್ಕಕ್ಕಿಟ್ಟು, ಬೆಂಚಿನ ಮೇಲೆ ಸ್ವಲ್ಪ ಸರಿದು ಅವನಿಗೆ ಜಾಗ ಮಾಡಿದರು. "ಕೂತ್ಕೋ. ಅವನ ನಂಬರು ಉಂಟಲ್ಲ, ಬರಿ. ನಾನು ಹೇಳ್ತೇನೆ."

ಅವನು ಕಾಂತಿಯಕ್ಕ ಬರೆದಿಟ್ಟ ಚೀಟಿ ನೋಡಿ ಮೊಬೈಲಿನಲ್ಲಿ ನಂಬರು ಒತ್ತಿದ. ಎಲ್ಲ ಅಂಕಿಗಳೂ ಕಾಣುತ್ತಿದ್ದವು.

"ಆಪರೇಶನ್ ಇಪ್ಪತ್ತನೇ ತಾರೀಕಿಗೆ ಅಂತ ಬರಿ. ಜೊತೆಗೆ ತಂಗಿ ಬರ್ತಾಳೆ ಅಂತ ಬರಿ. ಡಾಕ್ಟರು ಒಳ್ಳೆಯವರು." ನಿಲ್ಲಿಸಿದರು. ಮೆಟ್ಟಿಲ ಮೇಲಿಂದ ಯಾರೋ ಇಳಿದುಹೋದ ಮೇಲೆ ಹೇಳಿದರು: "ನನಗೆ ಹೆದರಿಕೆ ಉಂಟು ಅಂತ ಬರಿ. ತುಂಬಾ ಹೆದರಿಕೆ ಉಂಟು. ಇದನ್ನು ಮಗನ ಹತ್ತಿರ ಹೇಳಲಿಕ್ಕೆ ಆಗುವುದಿಲ್ಲ, ಅವನ ಹತ್ತಿರ ಹೇಳು."

ಇರ್ಷಾದ್ ಬರೆದ. ಅವರು ಹೇಳಿದ, ಮಲಯಾಳಿಗೂ ತಿಳಿಯುವ ಬ್ಯಾರಿ ಶಬ್ದಗಳನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಕೂಡಿಸಿದ, ಹೆದರಿಕೆ ಎಂಬುದನ್ನು ಎರಡು ಸಲ ತಪ್ಪಿ ಮೂರನೆಯ ಸಲ ಸರಿಯಾಗಿ ಬರೆದು ಕಳಿಸಿದ. ತಲುಪಿತೆಂಬ ಎರಡು ಗೀಟು ಬಿತ್ತು. ಬೀಯಮ್ಮ ಬಾಗಿ ಆ ಗೀಟುಗಳನ್ನು ನೋಡಿದರು.

"ಯಾರು ಬರೆದುಕೊಟ್ಟದ್ದು ಅಂತ ಅವನಿಗೆ ಗೊತ್ತಾಗಬೇಡವಾ? ನಿನ್ನ ಹೆಸರೇನು ಮೋನೆ?"

ನಾಲಿಗೆಯ ತುದಿಯವರೆಗೆ, ಆವತ್ತಿನ ಹಾಗೆಯೇ, ಸುಹೈಬನ ಹೆಸರು ಬಂತು. ಅವನು ಅದನ್ನು ನುಂಗಿಕೊಂಡ.

"ಇರ್ಷಾದ್" ಎಂದ, ಕೌಂಟರಿನವರೆಗೂ ಕೇಳುವಷ್ಟು ಗಟ್ಟಿಯಾಗಿ.